ಸೆರೆ, ಬಂಧ, ಸಜೆ: ನವರಾತ್ರಿಯಲ್ಲೊಂದು ಪದವಿಚಾರ

ಶರನ್ನವರಾತ್ರಿಯ ದಿನಗಳಲ್ಲಿ ದೇವೀಮಾಹಾತ್ಮ್ಯದ ಪಾರಾಯಣ ಮಾಡುವ ಪದ್ಧತಿ ನಮ್ಮವರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಊರು ಬಿಟ್ಟು ಈ ಮುಂಬಯಿಯಲ್ಲಿ ನೆಲೆಸಿದ ಮೇಲೂ ನಾವು ಅದನ್ನು ಕೈಬಿಡಲಿಲ್ಲವೆಂಬುದು ಸಂತೋಷದ ಸಂಗತಿ. ಆದರೆ ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಸಂಸ್ಕೃತದ ಪಾಠವೆಂದರೆ ಕಿವಿಗೆ ಇಂಪಾದ ಧ್ವನಿ, ಅಷ್ಟೆ. ಆದುದರಿಂದ ಒಂದೊಂದು ಅಧ್ಯಾಯ ಮುಗಿದ ಮೇಲೂ ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳುವ ಹೊಣೆಯನ್ನು ಹಿರಿಯರು ಕೆಲವು ವರ್ಷಗಳಿಂದ ನನ್ನ ಮೇಲೆ ಹೊರಿಸಿದ್ದಾರೆ. ಹೋದ ವರ್ಷ ಹನ್ನೆರಡನೆಯ ಅಧ್ಯಾಯದ ತಾತ್ಪರ್ಯ ಹೇಳುವಾಗ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಈ ಲೇಖನ ಹುಟ್ಟಿದ್ದು ಆ ತಪ್ಪಿನಿಂದ.

ಆ ಅಧ್ಯಾಯದಲ್ಲಿ ದೇವಿ ತನ್ನ ಚರಿತ್ರೆಯನ್ನು ಸ್ಮರಿಸಿದವರಿಗೆ ದೊರೆಯುವ ಫಲವನ್ನು ತಾನೇ ಹೇಳುತ್ತಾಳೆ. ಯಾವ ಯಾವ ಸಂಕಟಗಳಿಂದ ಮನುಷ್ಯ ಪಾರಾಗುತ್ತಾನೆಂದು ಎಣಿಸುವಾಗ 'ಬಂಧಗತ' ಎಂಬ ಒಂದು ಪದ ಬರುತ್ತದೆ. ನಾನು ವಿಶೇಷವಾಗಿ ಯೋಚಿಸದೆ ಅದಕ್ಕೆ 'ಜೈಲಿನಲ್ಲಿರುವ ಕೈದಿ' ಎಂದು ಅರ್ಥ ಹೇಳಿಬಿಟ್ಟೆ. ಕೂಡಲೆ ಒಬ್ಬ ತರುಣ ಎದ್ದು, "ಹಾಗಾದರೆ ಅಪರಾಧ ಮಾಡಿದವನನ್ನೂ ದೇವಿ ಬಿಡಿಸುತ್ತಾಳೆಯೇ?" ಎಂದು ಕೇಳಿದ. "ಅಪರಾಧಿಗೂ ತಾಯಿ ತಾಯಿಯೇ ಅಲ್ಲವೆ?" ಎಂದೆ. ಸಭೆ ತಲೆದೂಗಿತು. ಒಳ್ಳೆಯ ಉತ್ತರ ಕೊಟ್ಟೆನೆಂದು ನನಗೂ ಹಿಗ್ಗಾಯಿತು. ಕಡೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಮಾತ್ರ ಮಂಗಳಾರತಿಗೆ ಮುಂಚೆಯೇ ಎದ್ದು ಹೋದರು. ಉಳಿದ ದಿನಗಳಲ್ಲಿ ಬರಲೇ ಇಲ್ಲ. ಅವರ ಮಗ ಒಂದು ವರ್ಷಕ್ಕೂ ಮೇಲ್ಪಟ್ಟು ಬಂಧನದಲ್ಲಿದ್ದ, ವಿಚಾರಣೆ ಇನ್ನೂ ಆರಂಭವಾಗಿರಲಿಲ್ಲ ಎಂಬುದು ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ತಾಯಿಯ ಕರುಣೆಯನ್ನು ಹೊಗಳುವ ಭರದಲ್ಲಿ ನಾನು ಆ ಹುಡುಗನಿಗೆ ಅಪರಾಧಿಯೆಂಬ ಪಟ್ಟ ಕಟ್ಟಿದ್ದೆ. ನ್ಯಾಯಾಧೀಶರು ಕೂಡ ಇನ್ನೂ ಆ ಮಾತು ಆಡಿರಲಿಲ್ಲ.

ಆ ರಾತ್ರಿ ಮನೆಗೆ ಬಂದು ಮೂಲವನ್ನು ಮತ್ತೆ ತೆರೆದು ನೋಡಿದೆ. ಶ್ಲೋಕಗಳ ಜೋಡಣೆ ಹೀಗಿದೆ: ಕಾಡಿನಲ್ಲಿ ಒಂಟಿಯಾಗಿರುವವನು, ಕಾಳ್ಗಿಚ್ಚು ಸುತ್ತಿಕೊಂಡವನು, ನಿರ್ಜನ ಪ್ರದೇಶದಲ್ಲಿ ಕಳ್ಳರ ಕೈಗೆ ಸಿಕ್ಕವನು, ಹಗೆಗಳು ಹಿಡಿದವನು, ಸಿಂಹ-ಹುಲಿಗಳು ಬೆನ್ನಟ್ಟಿದವನು, ಸಿಟ್ಟಿಗೆದ್ದ ಅರಸನ ಅಪ್ಪಣೆಯಿಂದ ವಧೆಗೋ ಬಂಧನಕ್ಕೋ ಗುರಿಯಾದವನು, ಬಿರುಗಾಳಿಗೆ ಸಿಕ್ಕ ನಾವೆಯಲ್ಲಿ ನಡುಗಡಲಿನಲ್ಲಿರುವವನು. ಇಲ್ಲಿ ಅಪರಾಧದ ಮಾತೇ ಇಲ್ಲ! ದೋಷವೊಂದನ್ನು ಹೇಳಿದ್ದರೆ ಅದು ಅರಸನ ಕ್ರೋಧ. ಬಂಧನವನ್ನು ಋಷಿ ಇಟ್ಟಿರುವುದು ಕಾಳ್ಗಿಚ್ಚು, ಬಿರುಗಾಳಿಗಳ ಸಾಲಿನಲ್ಲಿ. ಅದು ಮನುಷ್ಯನ ಮೇಲೆ ಬಂದೆರಗಿದ ವಿಪತ್ತು. ಅವನ ನಡತೆಗೆ ಕೊಟ್ಟ ಯೋಗ್ಯತಾಪತ್ರವಲ್ಲ. ಹಗೆಗಳು ಹಿಡಿದವನಿಗೆ 'ಗೃಹೀತ', ಕೊಲೆಗೆ ಗುರಿಯಾದವನಿಗೆ 'ವಧ್ಯ', ಕಟ್ಟಿಗೆ ಒಳಗಾದವನಿಗೆ 'ಬಂಧಗತ' ಎಂದು ಮೂರು ಬೇರೆ ಬೇರೆ ಪದಗಳನ್ನು ಎರಡೇ ಶ್ಲೋಕಗಳ ಅಂತರದಲ್ಲಿ ಬಳಸುವಷ್ಟು ಎಚ್ಚರ ಮೂಲಕ್ಕಿತ್ತು. ಆ ಎಚ್ಚರ ನನಗಿರಲಿಲ್ಲ.

ಅಂದಿನಿಂದ ಈ ಪದಗಳ ಬೆನ್ನು ಹತ್ತಿದೆ. ಕಂಡದ್ದನ್ನು ಸಂಘದ ಬಾಂಧವರ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮದೇ ಆದ 'ಸೆರೆ'ಯನ್ನು ನೋಡೋಣ. ಹಳಗನ್ನಡದಲ್ಲಿ ಇದು 'ಸೆಱೆ', ಅಂದರೆ ಈಗ ಬಳಕೆ ತಪ್ಪಿರುವ ಶಕಟರೇಫದಿಂದ ಬರೆಯುತ್ತಿದ್ದ ಶಬ್ದ. ಚೆನ್ನೈಯಲ್ಲಿರುವ ನಮ್ಮವರು ಪ್ರತಿದಿನ ಕೇಳುವ ತಮಿಳಿನ 'ಚಿಱೈ', ಹೈದರಾಬಾದಿನವರು ಕೇಳುವ ತೆಲುಗಿನ 'ಚೆಱ' ಇವೆಲ್ಲ ಒಂದೇ ತಾಯಿಯ ಮಕ್ಕಳು. ಮಲಯಾಳದಲ್ಲಿ 'ಚಿಱ' ಎಂದರೆ ನೀರನ್ನು ತಡೆದು ನಿಲ್ಲಿಸಿದ ಕಟ್ಟೆ. ಹರಿಯುವುದನ್ನು ಹರಿಯದಂತೆ ಹಿಡಿದು ನಿಲ್ಲಿಸುವುದು ಎಂಬ ಭಾವ ಇದರಿಂದ ಹೊಳೆಯುತ್ತದೆ. ನೀರು ಕಟ್ಟೆಯ ಹಿಂದೆ ನಿಂತಿತೆಂದರೆ ಅದು ತಪ್ಪು ಮಾಡಿತೆಂದು ಯಾರೂ ಹೇಳುವುದಿಲ್ಲ. ಸೆರೆಯೆಂಬ ಪದದಲ್ಲಿಯೂ ಅಷ್ಟೆ: ಹಿಡಿದವನ ಬಲ ತಿಳಿಯುತ್ತದೆ, ಹಿಡಿಯಲ್ಪಟ್ಟವನ ಗುಣ ತಿಳಿಯುವುದಿಲ್ಲ. ಆದ್ದರಿಂದಲೇ ಸೀತೆ ಲಂಕೆಯಲ್ಲಿ ಸೆರೆಯಲ್ಲಿದ್ದಳು ಎಂದು ನಾವು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ. ಅಶೋಕವನಕ್ಕೆ ಕಬ್ಬಿಣದ ಸರಳುಗಳಿರಲಿಲ್ಲ, ಆದರೂ ಅದು ಸೆರೆಯೇ. ('ಕೊರಳ ಸೆರೆ ಬಿಗಿದು' ಎನ್ನುವಾಗ ಬರುವ ಸೆರೆ ಬೇರೆ, ಅದು ನರ. ಎರಡನ್ನೂ ಬೆರೆಸಬಾರದು.)

ಇನ್ನು ಹೊರಗಿನಿಂದ ಬಂದು ನಮ್ಮವಾಗಿರುವ ಪದಗಳು. ಇವುಗಳಲ್ಲಿ ಒಂದು ಸ್ವಾರಸ್ಯವಿದೆ. 'ಜೈಲು' ಇಂಗ್ಲಿಷಿನಿಂದ ಬಂದಿತಷ್ಟೆ. ಅದರ ಬೇರು ಲ್ಯಾಟಿನ್ ಭಾಷೆಯಲ್ಲಿ ಪಂಜರ ಎಂಬ ಅರ್ಥದ ಪದದಲ್ಲಿದೆ. ಜೈಲೆಂದರೆ ಸಣ್ಣ ಪಂಜರ. ದೇಹವನ್ನು ಪಂಜರವೆಂದೂ ಜೀವವನ್ನು ಗಿಳಿಯೆಂದೂ ಕಂಡ ದಾಸರ ನಾಡಿನವರಿಗೆ ಈ ಮೂಲ ಪರಕೀಯವೆನಿಸಲಾರದು. ಮುಂಬಯಿ-ಪುಣೆಗಳಲ್ಲಿ ಮರಾಠಿ ನೆರೆಯವರು 'ತುರುಂಗ' ಎನ್ನುತ್ತಾರೆ; ನಮ್ಮ ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿಯೂ ಅದು 'ತುರಂಗ'. ಸಂಸ್ಕೃತ ಬಲ್ಲವರಿಗೆ ತುರಂಗವೆಂದರೆ ಕುದುರೆ. ಓಡುವುದಕ್ಕೇ ಹುಟ್ಟಿದ ಪ್ರಾಣಿಯ ಹೆಸರೂ ಓಡಲಾಗದ ಜಾಗದ ಹೆಸರೂ ಒಂದೇ ಆದದ್ದು ಹೇಗೆಂದು ನಾನು ಬಾಲ್ಯದಲ್ಲಿ ಬೆರಗಾಗಿದ್ದುಂಟು. ಅವೆರಡಕ್ಕೂ ಸಂಬಂಧವೇ ಇಲ್ಲ. ಸೆರೆಮನೆಯ ತುರಂಗ ಬಂದದ್ದು ಪೋರ್ಚುಗೀಸರಿಂದ. ಅವರ ಭಾಷೆಯಲ್ಲಿ 'ತ್ರೋಂಕು' ಎಂದರೆ ಮರದ ಬೊಡ್ಡೆ, ಮತ್ತು ಅಂಥ ಮರದಲ್ಲಿ ತೂತು ಕೊರೆದು ಮನುಷ್ಯನ ಕಾಲುಗಳನ್ನು ಸಿಕ್ಕಿಸಿಡುವ ಸಾಧನ. ಅರಬ್ಬಿಯ 'ಕೈದ್' ಎಂಬುದಕ್ಕೆ ಮೂಲಾರ್ಥ ಕಾಲಿಗೆ ಹಾಕುವ ಬೇಡಿ. ಸಂಸ್ಕೃತದ 'ಕಾರಾ' ಎಂಬುದನ್ನು ಅಮರಸಿಂಹ ಬಂಧನಾಲಯವೆಂದು ವಿವರಿಸುತ್ತಾನೆ. ಅದಕ್ಕೆ ಗೃಹ ಸೇರಿಸಿ ನಾವು ಕಾರಾಗೃಹ ಮಾಡಿಕೊಂಡೆವು. ಹೀಗೆ ಒಂದು ಭಾಷೆ ಪಂಜರವನ್ನು ಕಂಡಿತು, ಒಂದು ಮರದ ಬೊಡ್ಡೆಯನ್ನು, ಒಂದು ಬೇಡಿಯನ್ನು, ಮತ್ತೊಂದು ಮನೆಯನ್ನು. ಕನ್ನಡದ ಸೆರೆ ಮಾತ್ರ ಯಾವ ವಸ್ತುವನ್ನೂ ನೋಡದೆ ಹಿಡಿತವನ್ನಷ್ಟೇ ನೋಡಿತು. ಇದು ನನ್ನ ಅಭಿಮಾನದ ಮಾತೆಂದು ಬೇಕಾದರೆ ಭಾವಿಸಿರಿ.

ಅಮರಕೋಶದ ವಿಷಯ ಬಂದುದರಿಂದ ಇನ್ನೊಂದು ಮಾತು. 'ಬಂದೀ', 'ಕಾರಾ' ಎಂಬ ಪದಗಳನ್ನು ಅಮರಸಿಂಹ ಹೇಳುವುದು ಕ್ಷತ್ರಿಯವರ್ಗದಲ್ಲಿ, ಯುದ್ಧಕ್ಕೆ ಸಂಬಂಧಿಸಿದ ಶಬ್ದಗಳ ಬಳಿಯಲ್ಲಿ. ಬಂದಿಯೆಂದರೆ ಅವನ ಕಣ್ಣಿಗೆ ಕಾಣುವವನು ಸೋತು ಸಿಕ್ಕವನು, ಕದ್ದು ಸಿಕ್ಕವನಲ್ಲ.

'ಕೈದು' ಎಂಬ ಪದದಿಂದ ಹಳಗನ್ನಡ ಓದುವ ಮಕ್ಕಳು ಮೋಸಹೋಗುವುದು ಸಾಮಾನ್ಯ. ಪಂಪನಲ್ಲಿಯೋ ಕುಮಾರವ್ಯಾಸನಲ್ಲಿಯೋ ವೀರನೊಬ್ಬ ಕೈದು ಹಿಡಿದನೆಂದರೆ ಅವನು ಆಯುಧ ಹಿಡಿದನೆಂದರ್ಥ. ಕೈಯಲ್ಲಿರುವುದು ಕೈದು, ಅಚ್ಚಗನ್ನಡದ ಮಾತು. ಅರಬ್ಬಿಯ ಕೈದ್ ಪಾರಸಿ, ಹಿಂದೂಸ್ತಾನಿಗಳ ಮೂಲಕ ಬಂದು ಅದೇ ರೂಪ ತಾಳಿದ ಮೇಲೆ ಹಳೆಯ ಕೈದು ಮೂಲೆಗೆ ಸರಿಯಿತು. ಮಹಾನವಮಿಯ ದಿನ ನಾವು ಮಾಡುವ ಆಯುಧಪೂಜೆಯನ್ನು ಹಳಗನ್ನಡದಲ್ಲಿ ಕೈದುಗಳ ಪೂಜೆ ಎಂದರೆ ತಪ್ಪಾಗದು. ಈ ಸಲ ಹಬ್ಬದಲ್ಲಿ ಯಾರಾದರೂ ಹಿರಿಯರು ಹಾಗೆಂದರೆ ಮಕ್ಕಳು ಗಾಬರಿಯಾಗಬೇಕಿಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದ ಪದ 'ದಸ್ತಗಿರಿ'. ಪಾರಸಿಯಲ್ಲಿ ದಸ್ತ್ ಎಂದರೆ ಕೈ, ಗೀರ್ ಎಂದರೆ ಹಿಡಿಯುವವನು. ನಮ್ಮ ಪತ್ರಿಕೆಗಳಲ್ಲಿ ಪೊಲೀಸರು ಯಾರನ್ನಾದರೂ ಹಿಡಿದರೆ ಅದು ದಸ್ತಗಿರಿ. ಆದರೆ ಹೈದರಾಬಾದು, ಕಲಬುರಗಿ, ವಿಜಯಪುರಗಳ ಕಡೆಯಲ್ಲಿ ಬೆಳೆದವರಿಗೆ ದಸ್ತಗೀರ ಎಂಬ ಹೆಸರಿನ ಗೆಳೆಯರು ಇದ್ದೇ ಇರುತ್ತಾರೆ. ಸೂಫಿ ಸಂಪ್ರದಾಯದವರು ಅಬ್ದುಲ್ ಖಾದಿರ್ ಜೀಲಾನಿಯವರನ್ನು ಭಕ್ತಿಯಿಂದ ಪೀರ್ ದಸ್ತಗೀರ್ ಎಂದು ಕರೆಯುತ್ತಾರೆ. ಅಲ್ಲಿ ಅದರ ಅರ್ಥ ಮುಳುಗುವವನ ಕೈಹಿಡಿದು ಎತ್ತುವ ಗುರು. ಕೈಹಿಡಿಯುವ ಕ್ರಿಯೆ ಒಂದೇ. ಹಿಡಿದು ಎಲ್ಲಿಗೆ ಕರೆದೊಯ್ಯುತ್ತಾರೆಂಬುದರಲ್ಲಿದೆ ಭೇದ. ನಮ್ಮ ಕನ್ನಡವೂ ಹಾಗೆಯೇ ಅಲ್ಲವೆ? ಮದುವೆಯಲ್ಲಿ ಕೈಹಿಡಿಯುತ್ತೇವೆ, ದೇವರ ಮುಂದೆ ನಿಂತು ಕೈಹಿಡಿದು ಕಾಪಾಡೆಂದು ಬೇಡುತ್ತೇವೆ, ಕಳ್ಳನನ್ನೂ ಕೈಹಿಡಿದೇ ನಿಲ್ಲಿಸುತ್ತೇವೆ.

'ಬಂಧ' ಶಬ್ದದ ಹರವು ಇನ್ನೂ ದೊಡ್ಡದು. ಯಾವ ಧಾತುವಿನಿಂದ ಬಂಧನವೂ ಬಂದಿಯೂ ಬಂದಿತೋ ಅದರಿಂದಲೇ ಬಂಧುವೂ ಸಂಬಂಧವೂ ಬಂದಿವೆ. ನಮ್ಮನ್ನು ಕಟ್ಟಿಹಾಕುವವನೂ ಬಂಧು, ಬಿಡದೆ ಕಾಯುವವನೂ ಬಂಧು. ದೇವೀಮಾಹಾತ್ಮ್ಯದ ಮೊದಲ ಅಧ್ಯಾಯ ಇದನ್ನು ಬಹು ಧೈರ್ಯವಾಗಿ ಹೇಳಿದೆ: ಸಂಸಾರದ ಬಂಧಕ್ಕೆ ಕಾರಣಳಾದವಳೇ ಮುಕ್ತಿಗೂ ಕಾರಣಳು. ಬೇರೆ ಬೇರೆ ಇಬ್ಬರು ದೇವತೆಗಳನ್ನು ಕಲ್ಪಿಸಿಕೊಳ್ಳಲು ಆ ಗ್ರಂಥ ಎಡೆಗೊಡುವುದಿಲ್ಲ. ಇದಕ್ಕೆ ಸಮನಾದ ನಮ್ಮ ಪದ 'ಕಟ್ಟು'. ದನವನ್ನು ಕಟ್ಟುತ್ತೇವೆ, ಮನೆಯನ್ನು ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಪರಸ್ಥಳದಲ್ಲಿ ಸಂಘವನ್ನು ಕಟ್ಟುತ್ತೇವೆ. ಬಿಗಿಯುವುದಕ್ಕೂ ನಿರ್ಮಿಸುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿತು.

ಭಾಗವತದ ದಶಮಸ್ಕಂಧದಲ್ಲಿ ಯಶೋದೆ ಕೃಷ್ಣನನ್ನು ಒರಳಿಗೆ ಕಟ್ಟುವ ಪ್ರಸಂಗವನ್ನು ಕೇಳದವರಿಲ್ಲ. ಎಷ್ಟು ಹಗ್ಗ ಸೇರಿಸಿದರೂ ಎರಡು ಬೆರಳು ಸಾಲದೆ ಬರುತ್ತದೆ. ಕಡೆಗೆ ತಾಯಿಯ ಬಳಲಿಕೆಯನ್ನು ಕಂಡು ಅವನೇ ಕಟ್ಟಿಸಿಕೊಳ್ಳುತ್ತಾನೆ. ಹೊಟ್ಟೆಗೆ ಹಗ್ಗ ಬಿಗಿಸಿಕೊಂಡುದರಿಂದ ದಾಮೋದರನಾದ. ಹಾಗೆ ಕಟ್ಟಿಸಿಕೊಂಡೇ ತೆವಳುತ್ತ ಹೋಗಿ, ಶಾಪದಿಂದ ಮರಗಳಾಗಿ ನಿಂತಿದ್ದ ನಳಕೂಬರ ಮಣಿಗ್ರೀವರನ್ನು ಬಿಡಿಸುತ್ತಾನೆ. ಕಟ್ಟಿನಲ್ಲಿರುವವನು ಬಿಡಿಸುವವನಾಗಬಾರದೆಂದೇನೂ ಇಲ್ಲ. ಆ ತರುಣನ ಪ್ರಶ್ನೆಗೆ ನಾನು ಈ ಕಥೆಯನ್ನು ಹೇಳಬೇಕಾಗಿತ್ತು, ಹೊತ್ತಿಗೆ ನೆನಪಾಗಲಿಲ್ಲ.

'ಪಾಶ' ಎಂಬುದು ಬಂಧಕ್ಕಿಂತ ಸ್ವಲ್ಪ ಬೇರೆ. ಪಾಶವೆಂದರೆ ಕುಣಿಕೆಯ ಹಗ್ಗ. ಅದರ ಇನ್ನೊಂದು ತುದಿ ಯಾರ ಕೈಯಲ್ಲಿಯೋ ಇರುತ್ತದೆ. ಶೈವಶಾಸ್ತ್ರ ಪತಿ, ಪಶು, ಪಾಶ ಎಂದು ಮೂರನ್ನು ಹೇಳಿದ್ದು ಈ ಸ್ಪಷ್ಟತೆಯಿಂದ: ಕಟ್ಟಿರುವುದು ಯಾವುದು, ಕಟ್ಟುವಂಥದು ಯಾವುದು, ಒಡೆಯನು ಯಾರು ಎಂದು ಬಿಡಿಸಿ ನೋಡುವುದಕ್ಕೆ. ಗೀತೆಯ ಹದಿನಾಲ್ಕನೆಯ ಅಧ್ಯಾಯವಂತೂ ಸತ್ತ್ವಗುಣ ಕೂಡ ಸುಖದ ಮತ್ತು ಜ್ಞಾನದ ಅಂಟಿನಿಂದ ಕಟ್ಟುತ್ತದೆಂದು ಹೇಳಿ ಒಳ್ಳೆಯವರೆನಿಸಿಕೊಂಡ ನಮ್ಮನ್ನೂ ಎಚ್ಚರಿಸುತ್ತದೆ. ಶಾಸ್ತ್ರದ ದೃಷ್ಟಿಯಲ್ಲಿ ಬಂಧನದ ಹೊರಗೆ ನಿಂತು ಒಳಗಿರುವವನನ್ನು ನೋಡುವ ಅಧಿಕಾರ ನಮಗಾರಿಗೂ ಇಲ್ಲ.

ಈಗ ದೇವಕಿ-ವಸುದೇವರ ವಿಷಯಕ್ಕೆ ಬರೋಣ. ಗೋಕುಲಾಷ್ಟಮಿಯ ಚಿತ್ರಗಳಲ್ಲಿ ಕಲ್ಲಿನ ಗೋಡೆ, ದಪ್ಪ ಸರಳುಗಳ ಸೆರೆಮನೆಯನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ಅದೇ ಕಟ್ಟಿದೆ. ಭಾಗವತದಲ್ಲಿ ಹೇಳಿರುವುದು ಅವರನ್ನು ಮನೆಯಲ್ಲಿಯೇ ಸಂಕೋಲೆ ತೊಡಿಸಿ ಇಟ್ಟರೆಂದು. ಬಾಗಿಲುಗಳಿಗೆ ಕಬ್ಬಿಣದ ಅಗುಳಿ, ಸರಪಳಿಗಳಿದ್ದುವು; ಕೃಷ್ಣನನ್ನು ಎತ್ತಿಕೊಂಡು ವಸುದೇವ ಬಂದಾಗ ಅವು ತಾವಾಗಿ ತೆರೆದುವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಗೃಹಬಂಧನ. ಅದಕ್ಕಿಂತ ಗಮನಿಸಬೇಕಾದದ್ದು ವಸುದೇವನ ನಡತೆ. ಮಾತು ಕೊಟ್ಟಿದ್ದೆನೆಂದು ಹೆತ್ತ ಮೊದಲ ಮಗುವನ್ನು ತಾನೇ ಎತ್ತಿಕೊಂಡು ಹೋಗಿ ಕಂಸನ ಮುಂದೆ ಇಟ್ಟವನು ಅವನು. ಅಂಥ ಸತ್ಯಸಂಧನ ಕಾಲಿಗೆ ಬಿತ್ತು ಸಂಕೋಲೆ. ಹಾಕಿದವನು ಹೆತ್ತ ತಂದೆ ಉಗ್ರಸೇನನನ್ನೇ ಬಂಧಿಸಿ ರಾಜ್ಯವಾಳಿದವನು. ಕಂಸನನ್ನು ಕೊಂದ ಮೇಲೆ ಕೃಷ್ಣ ತಾಯಿತಂದೆಯರನ್ನು ಬಂಧನದಿಂದ ಬಿಡಿಸಿ ಅವರ ಪಾದಗಳಿಗೆ ತಲೆಯಿಟ್ಟನು. ವಸುದೇವನನ್ನು ಕೈದಿ ಎಂದು ಕರೆಯಲು ನಮ್ಮ ನಾಲಿಗೆ ಏಳುವುದಿಲ್ಲ. ಸೆರೆಯಲ್ಲಿದ್ದನು ಎಂದು ಹೇಳಲು ಕಷ್ಟವಿಲ್ಲ. ಈ ಎರಡರ ನಡುವಿನ ಅಂತರವನ್ನೇ ನಾನು ಆ ದಿನ ಮರೆತದ್ದು.

'ಸಜೆ'ಯಾದರೋ ಇವುಗಳ ಗುಂಪಿಗೇ ಸೇರಿದ ಪದವಲ್ಲ. ಪಾರಸಿಯ ಸಜಾ ಎಂದರೆ ಶಿಕ್ಷೆ. ಒಬ್ಬನು ಸಜೆ ಅನುಭವಿಸುತ್ತಾನೆಂದರೆ ನ್ಯಾಯಾಲಯ ವಿಚಾರಿಸಿತು, ಅಪರಾಧವನ್ನು ಕಂಡಿತು, ಅವಧಿಯನ್ನು ಗೊತ್ತುಮಾಡಿತು ಎಂದಾಯಿತು. ಸಜೆಗೆ ಕೊನೆಯ ದಿನವಿರುತ್ತದೆ. ವಿಚಾರಣೆಗೆ ಕಾದಿರುವವನ ಸೆರೆಗೆ ಆ ದಿನವೂ ಗೊತ್ತಿರುವುದಿಲ್ಲ. 2022ರ ಕೊನೆಯಲ್ಲಿ ನಮ್ಮ ದೇಶದ ಕಾರಾಗೃಹಗಳಲ್ಲಿದ್ದವರು ಸುಮಾರು 5 ಲಕ್ಷ 73 ಸಾವಿರ ಮಂದಿ. ಅವರಲ್ಲಿ ಸುಮಾರು 4 ಲಕ್ಷ 34 ಸಾವಿರ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು ಸೆರೆಯಲ್ಲಿದ್ದಾರೆ, ಸಜೆಯಲ್ಲಿಲ್ಲ. ಪತ್ರಿಕೆಯ ಶಿರೋನಾಮೆಗಳೂ ನಮ್ಮ ಮಾತುಕತೆಗಳೂ ಎಲ್ಲರನ್ನೂ ಒಂದೇ ಹಗ್ಗಕ್ಕೆ ಪೋಣಿಸುತ್ತವೆ.

ಕಾನೂನಿನ ಭಾಷೆ ಈ ವಿಷಯದಲ್ಲಿ ನಮಗಿಂತ ನಾಜೂಕು. 1860ರ ದಂಡಸಂಹಿತೆ 339 ಮತ್ತು 340ನೆಯ ಕಲಮುಗಳಲ್ಲಿ ಒಬ್ಬನ ದಾರಿಗೆ ಅಡ್ಡಗಟ್ಟುವುದನ್ನೂ ಅವನನ್ನು ನಾಲ್ಕೂ ಕಡೆಯಿಂದ ಹೊರಹೋಗದಂತೆ ಕೂಡಿಹಾಕುವುದನ್ನೂ ಬೇರೆ ಬೇರೆ ಅಪರಾಧಗಳೆಂದು ಎಣಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 126, 127ನೆಯ ಕಲಮುಗಳಲ್ಲಿ ಆ ಭೇದವನ್ನು ಉಳಿಸಿಕೊಂಡಿದೆ. ಒಂದು ತಡೆ, ಇನ್ನೊಂದು ಬಂಧನ. ಇವಲ್ಲದೆ ವಿಚಾರಣೆಯೇ ಇಲ್ಲದೆ ಒಂದು ಸ್ಥಳದಲ್ಲಿ ಇರಿಸುವುದುಂಟು. ಮರಾಠಿಯವರಂತೆ ನಾವೂ ಅದನ್ನು ಸ್ಥಾನಬದ್ಧತೆ ಎನ್ನುತ್ತೇವೆ. 1942ರ ಆಗಸ್ಟಿನಿಂದ 1944ರ ಮೇ ತಿಂಗಳವರೆಗೆ ಗಾಂಧೀಜಿ ಪುಣೆಯ ಆಗಾಖಾನ್ ಅರಮನೆಯಲ್ಲಿದ್ದದ್ದು ಹೀಗೆ. ಅರಮನೆಯಾದರೇನು, ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ಅಲ್ಲಿಂದ ಹೊರಗೆ ಬರಲಿಲ್ಲ.

ಅದೇ ಪುಣೆಯ ಯರವಡಾ ಕಾರಾಗೃಹದಿಂದ 1930ರಲ್ಲಿ ಗಾಂಧೀಜಿ ಆಶ್ರಮವಾಸಿಗಳಿಗೆ ವಾರವಾರವೂ ವ್ರತಗಳ ಮೇಲೆ ಪತ್ರ ಬರೆಯುತ್ತಿದ್ದರು. ಬರೆದ ಸ್ಥಳವನ್ನು ಅವರು ಯರವಡಾ ಮಂದಿರವೆಂದು ಕರೆದರು. ಮಂಡಾಲೆಯ ಸೆರೆಯಲ್ಲಿ ಲೋಕಮಾನ್ಯರು ಗೀತಾರಹಸ್ಯವನ್ನು ಬರೆದರು. 1932ರಲ್ಲಿ ಧುಳೆಯ ಕಾರಾಗೃಹದಲ್ಲಿ ವಿನೋಬಾ ಜೊತೆಯ ಬಂದಿಗಳಿಗೆ ಗೀತೆಯನ್ನು ಪ್ರವಚನ ಮಾಡಿದರು, ಸಾನೆ ಗುರೂಜಿ ಅದನ್ನು ಬರೆದುಕೊಂಡರು. ಸ್ಥಳಕ್ಕೆ ಹೆಸರಿಡುವ ಸ್ವಾತಂತ್ರ್ಯವೊಂದು ಒಳಗಿದ್ದವರ ಬಳಿಯಲ್ಲಿಯೂ ಉಳಿದಿತ್ತು. ಹೊರಗಿರುವ ನಾವಾದರೋ ಸಿಕ್ಕ ಹೆಸರನ್ನು ಎತ್ತಿ ಒಗೆಯುತ್ತೇವೆ.

ಈ ವರ್ಷದ ಪಾರಾಯಣಕ್ಕೆಂದು ಹನ್ನೆರಡನೆಯ ಅಧ್ಯಾಯದ ತಾತ್ಪರ್ಯವನ್ನು ಹೊಸದಾಗಿ ಬರೆದೆ. 'ಬಂಧಗತ' ಎಂಬಲ್ಲಿ 'ಅರಸನ ಸಿಟ್ಟಿಗೆ ಸಿಕ್ಕು ಸೆರೆಯಲ್ಲಿರುವವನು' ಎಂದು ಹಾಕಿದ್ದೇನೆ. ಅಚ್ಚಿಗೆ ಕೊಡುವ ಮುಂಚೆ ಒಂದು ಪ್ರತಿಯನ್ನು ಹಿಡಿದುಕೊಂಡು ಆ ತಾಯಿಯ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಆ ಪುಟವನ್ನು ಎರಡು ಸಲ ಓದಿದರು. ಹೋದ ವರ್ಷದ ಮಾತನ್ನು ನಾನೇ ಎತ್ತಿ ಕ್ಷಮೆ ಕೇಳಿದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಚಹಾ ತಂದಿಟ್ಟು, ಸ್ವಲ್ಪ ಹೊತ್ತಾದ ಮೇಲೆ, "ಅಲ್ಲೆ ಒಳಗ ಅವಗ 'ಕಚ್ಚಾ ಕೈದಿ' ಅಂತಾರಂತ್ರೀ," ಎಂದರು. "ಶಿಕ್ಷಾ ಆದವರು ಪಕ್ಕಾ, ಆಗದವರು ಕಚ್ಚಾ. ಕಚ್ಚಾ ಅಂದ್ರ ಇನ್ನೂ ಬೇಯದ್ದು ಅಂತಲ್ಲೇನ್ರೀ? ಹದಿನಾಲ್ಕು ತಿಂಗಳ ಆತು ಅಂದಿದ್ದೆ ಆಗ. ಈಗ ಇಪ್ಪತ್ತೈದು." ಆಮೇಲೆ ಆ ಹಾಳೆಯನ್ನು ಮಡಿಚಿ ದೇವರ ಮಾಡದಲ್ಲಿ ಇಟ್ಟು, ದುರ್ಗಾಷ್ಟಮಿಯ ದಿನ ಪಾರಾಯಣ ಎಷ್ಟು ಗಂಟೆಗೆ ಆರಂಭವಾಗುತ್ತದೆಂದು ಕೇಳಿದರು.